ಅರವತ್ತು ದಿನದ ಮನೆ: ಎಣಿಕೆ ಶುರುವಾಗುವುದು ಯಾವತ್ತಿನಿಂದ?

ಬೆಂಗಳೂರಿನ ಹಲಸೂರಿನ ಹತ್ತಿರ, ಕೇಂಬ್ರಿಡ್ಜ್ ಲೇಔಟ್‌ನಲ್ಲಿ ಒಂದು ಅಂಚೆ ಕಚೇರಿ ಇದೆ. 1,021 ಚದರಡಿಯ ಕಟ್ಟಡ. ಅದರ ಗೋಡೆಗಳನ್ನು ಮೇಸ್ತ್ರಿಗಳು ಕಟ್ಟಲಿಲ್ಲ. ಯಂತ್ರವೊಂದು ಕಾಂಕ್ರೀಟನ್ನು ಪದರ ಪದರವಾಗಿ ಸುರಿಯುತ್ತಾ ಎಬ್ಬಿಸಿತು. 2023ರ ಮಾರ್ಚ್ 21ಕ್ಕೆ ಶುರುವಾಗಿ ಮೇ 3ಕ್ಕೆ ಕಟ್ಟಡ ಮುಗಿಯಿತು. 43 ದಿನದಲ್ಲಿ ಅಂಚೆ ಕಚೇರಿ ಅಂತ ಎಲ್ಲ ಕಡೆ ಸುದ್ದಿಯಾಯಿತು. ಅದು ನಿಜವೇ. ಆದರೆ ಉದ್ಘಾಟನೆ ಆಗಿದ್ದು ಆಗಸ್ಟ್ 18ಕ್ಕೆ. ಕೆಲಸ ಶುರುವಾದ ದಿನದಿಂದ ಎಣಿಸಿದರೆ 150 ದಿನ.

ಎರಡು ಲೆಕ್ಕದಲ್ಲೂ ಸುಳ್ಳಿಲ್ಲ. ಕಟ್ಟಡ ಎದ್ದು ನಿಂತಿದ್ದಕ್ಕೆ ಒಂದು ಲೆಕ್ಕ, ಬಾಗಿಲು ತೆರೆದಿದ್ದಕ್ಕೆ ಇನ್ನೊಂದು. ಕಾರ್ಖಾನೆಯಲ್ಲಿ ಮಾಡಿ ಸೈಟಿಗೆ ತಂದು ಕೂರಿಸುವ ರೆಡಿಮೇಡ್ ಮನೆ, ಮಾಡ್ಯುಲರ್ ಮನೆ ಅಂತ ಹುಡುಕುವವರು ಈ ವ್ಯತ್ಯಾಸ ಹಿಡಿದುಕೊಂಡರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. "60 ದಿನದಲ್ಲಿ ಮನೆ" ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಮಾತು ಒಂದೇ. ಯಾವತ್ತಿನಿಂದ 60 ದಿನ? ಅಡ್ವಾನ್ಸ್ ಕೊಟ್ಟ ದಿನದಿಂದಲೋ, ಪ್ಲ್ಯಾನಿಗೆ ಸಹಿ ಹಾಕಿದ ದಿನದಿಂದಲೋ, ಪಾಯ ಮುಗಿದ ದಿನದಿಂದಲೋ, ಅಥವಾ ಲಾರಿ ಬಂದು ಸೈಟಿನಲ್ಲಿ ಸಾಮಾನು ಇಳಿಸಿದ ದಿನದಿಂದಲೋ?

ಇದನ್ನು ನಾನು ಎರಡು ಮನೆಗಳಿಂದ ಕಲಿತೆ. ಒಂದು ಮೈಸೂರಿನಲ್ಲಿ 30x40 ಸೈಟಿನಲ್ಲಿ ನಾವು ಕಟ್ಟಿಸಿದ್ದು. ಕೆಳಗೆ ಮೇಲೆ ಎರಡು ಮಹಡಿ, ಮಾಮೂಲಿ ಪಿಲ್ಲರ್, ಬೀಮ್, ಸಾಲಿಡ್ ಬ್ಲಾಕಿನ ಮನೆ. ಇನ್ನೊಂದು ಸಕಲೇಶಪುರದ ಕಡೆ ತೋಟದಲ್ಲಿ ತಂಗಿ ಕಟ್ಟಿಸಿದ ಸ್ಟೀಲ್ ಫ್ರೇಮಿನ ಮನೆ.

ಮಾಮೂಲಿ ಮನೆಗೆ ನಿಜವಾಗಿ ಎಷ್ಟು ದಿನ ಬೇಕು?

ನಮ್ಮ ಮನೆಗೆ ಗುದ್ದಲಿ ಪೂಜೆಯಿಂದ ಗೃಹಪ್ರವೇಶದವರೆಗೆ 13 ತಿಂಗಳು ಹಿಡಿಯಿತು. ಸಿಮೆಂಟ್ ಕೆಲಸ ಅಂದರೆ ನಿಧಾನ, ಕ್ಯೂರಿಂಗ್ (ನೀರುಣಿಸಿ ಗಟ್ಟಿಯಾಗಲು ಬಿಡುವುದು) ಆಗಬೇಕಲ್ಲ ಅಂತ ಎಲ್ಲರೂ ಸಮಾಧಾನ ಹೇಳಿದರು. ನಾನೂ ನಂಬಿದ್ದೆ. ಆದರೆ ದಿನಾ ಒಂದು ನೋಟ್‌ಬುಕ್ಕಿನಲ್ಲಿ ಯಾರು ಬಂದರು, ಏನು ಮಾಡಿದರು ಅಂತ ಬರೆದಿಡುತ್ತಿದ್ದೆ. ಮನೆ ಮುಗಿದ ಮೇಲೆ ಕೂತು ಎಣಿಸಿದೆ. ಸುಮಾರು 395 ದಿನಗಳಲ್ಲಿ ಕೆಲಸ ನಡೆದಿದ್ದು 210 ದಿನ. ಉಳಿದ ದಿನಗಳಲ್ಲಿ ಸೈಟಿನಲ್ಲಿ ಒಬ್ಬರೂ ಇರಲಿಲ್ಲ.

ಆ ಖಾಲಿ ದಿನಗಳಲ್ಲಿ ಕಾಂಕ್ರೀಟ್ ಗಟ್ಟಿಯಾಗಲಿ ಅಂತ ಬಿಟ್ಟಿದ್ದು ಕಡಿಮೆ. ಮೇಸ್ತ್ರಿಗೆ ಇನ್ನೊಂದು ಸೈಟಿನಲ್ಲಿ ಮೋಲ್ಡ್, ಅಂದರೆ ಚಾವಣಿಗೆ ಕಾಂಕ್ರೀಟ್ ಹಾಕುವ ಕೆಲಸ, ಇತ್ತು. ಕಾಂಕ್ರೀಟಿನ ಅಡಿಗೆ ಕೊಡುವ ಸೆಂಟ್ರಿಂಗ್ ಶೀಟುಗಳು ಬೇರೆ ಕಡೆಯಿಂದ ಬಿಡುಗಡೆ ಆಗಿರಲಿಲ್ಲ. ಕೆಲಸಗಾರರು ಹಬ್ಬಕ್ಕೆ ಊರಿಗೆ ಹೋದವರು ಹತ್ತು ದಿನ ಬರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಗೋಡೆ ಕೊರೆಯದೆ ಪ್ಲಾಸ್ಟರಿಂಗ್ ಮಾಡುವಂತಿಲ್ಲ, ಎಲೆಕ್ಟ್ರಿಷಿಯನ್ ಫೋನ್ ಎತ್ತುವುದಿಲ್ಲ. ಇನ್ನು ಅಡುಗೆಮನೆಯ ಕಟ್ಟೆಯನ್ನು ನಾವೇ ಎರಡು ಸಲ ಬದಲಾಯಿಸಿದೆವು. ಅದಕ್ಕೇ ಎರಡು ವಾರ ಹೋಯಿತು.

ಕಾಂಕ್ರೀಟ್ ಕೇಳುವ ಸಮಯ ಬೇರೆ. ಅದಕ್ಕೆ ನಿಯಮವಿದೆ. ನಮ್ಮ ದೇಶದ ಕಾಂಕ್ರೀಟ್ ಸಂಹಿತೆ ಐಎಸ್ 456ರ ಪ್ರಕಾರ ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಬೇಕು. ಬೂದಿ ಬೆರೆಸಿದ ಸಿಮೆಂಟಾದರೆ ಕನಿಷ್ಠ 10 ದಿನ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಇದೇ. ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿನ ಊರುಗೋಲು ತೆಗೆಯಲು 7 ದಿನ, ಅದಕ್ಕಿಂತ ಅಗಲವಿದ್ದರೆ 14 ದಿನ. ಆರು ಮೀಟರ್‌ವರೆಗಿನ ಬೀಮಿಗೆ 14 ದಿನ, ಅದಕ್ಕೂ ಉದ್ದವಿದ್ದರೆ 21. ಈ ದಿನಗಳನ್ನು ಯಾರೂ ಕಡಿಮೆ ಮಾಡಬಾರದು. ಮಾಡ್ತೀವಿ ಅಂದರೂ ಬಿಡಬೇಡಿ. ಆದರೆ ಇವನ್ನೆಲ್ಲ ಕೂಡಿಸಿದರೂ ಎರಡು ಮಹಡಿಯ ಮನೆಗೆ 13 ತಿಂಗಳು ಆಗುವುದಿಲ್ಲ. ಒಂದು ಮೂಲೆಯಲ್ಲಿ ಸ್ಲ್ಯಾಬ್ ನೀರು ಕುಡಿಯುತ್ತಿರುವಾಗ ಇನ್ನೊಂದು ಕಡೆ ಗೋಡೆ ಏಳಬಹುದು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆಂದರೆ, ರೆಡಿಮೇಡ್ ಮನೆ ಮಾರುವವರು ತಮ್ಮ ಒಳ್ಳೆಯ ಲೆಕ್ಕವನ್ನು ಮಾಮೂಲಿ ಮನೆಯ ಕೆಟ್ಟ ಲೆಕ್ಕದ ಪಕ್ಕ ಇಟ್ಟು ತೋರಿಸುತ್ತಾರೆ. ಅದು ಸರಿಯಾದ ಹೋಲಿಕೆ ಅಲ್ಲ. ಒಳ್ಳೆಯ ಕಂಟ್ರಾಕ್ಟರ್ ಸಿಕ್ಕಿ, ಎಲ್ಲ ನಿರ್ಧಾರ ಮೊದಲೇ ಆಗಿದ್ದರೆ, ಸುಮಾರು ಸಾವಿರ ಚದರಡಿಯ ಒಂದು ಮಹಡಿಯ ಮನೆ ಐದಾರು ತಿಂಗಳಿಗೆ ಮುಗಿಯುತ್ತದೆ. 30x40ರಲ್ಲಿ ಎರಡು ಮಹಡಿಗೆ ಎಂಟರಿಂದ ಹತ್ತು ತಿಂಗಳು ಸಾಕು. ನಿಮ್ಮ ಹೋಲಿಕೆಗೆ ಈ ಅಂಕಿ ಇಟ್ಟುಕೊಳ್ಳಿ.

ಮಾಡ್ಯುಲರ್ ಅಂತ ಕರೆಯುವುದು ಯಾವುದನ್ನ?

ನಮ್ಮಲ್ಲಿ ಈ ಒಂದು ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತು ಮಾರುತ್ತಾರೆ. ಒಂದು, ತೆಳು ಸ್ಟೀಲಿನ ಫ್ರೇಮನ್ನು ಕಾರ್ಖಾನೆಯಲ್ಲಿ ಮಾಡಿ ಸೈಟಿನಲ್ಲಿ ಜೋಡಿಸುವ ಮನೆ. ಇದನ್ನು ಎಲ್‌ಜಿಎಸ್‌ಎಫ್ ಅನ್ನುತ್ತಾರೆ. ಎರಡು, ಕಂಟೇನರ್ ಅಥವಾ ಅದರಂಥದ್ದೇ ಪೆಟ್ಟಿಗೆ. ಒಳಗಿನ ಕೆಲಸವೆಲ್ಲ ಮುಗಿದು ಲಾರಿಯಲ್ಲಿ ಬರುತ್ತದೆ. ಮೂರು, ಪ್ರೀಕಾಸ್ಟ್. ಗೋಡೆ, ಸ್ಲ್ಯಾಬುಗಳನ್ನು ಕಾಂಕ್ರೀಟಿನಲ್ಲಿ ಬೇರೆ ಕಡೆ ಎರಕ ಹೊಯ್ದು, ಕ್ರೇನಿನಲ್ಲಿ ತಂದು ಕೂರಿಸುವುದು. ಹೊಲದ ಸುತ್ತ ಹಾಕುವ ಪ್ರೀಕಾಸ್ಟ್ ಕಾಂಪೌಂಡ್ ನೋಡಿದ್ದೀರಲ್ಲ? ಕಂಬ ನೆಟ್ಟು, ಅದರ ಸಂದಿಯಲ್ಲಿ ಹಲಗೆ ಇಳಿಬಿಡುತ್ತಾರೆ. ಅದರದ್ದೇ ದೊಡ್ಡ ರೂಪ ಇದು.

ನಿಜವಾದ ಅರ್ಥದಲ್ಲಿ ಮಾಡ್ಯುಲರ್ ಅನ್ನಬೇಕಾದ್ದು ಎರಡನೆಯದನ್ನು. ಇಡೀ ಕೋಣೆಯೇ ಕಾರ್ಖಾನೆಯಲ್ಲಿ ಸಿದ್ಧವಾಗಿ ಬರುವುದು ಅದರಲ್ಲಿ. ಆದರೆ ನಮ್ಮಲ್ಲಿ ವಾಸದ ಮನೆಗೆ ಅಂತ ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಮೊದಲನೆಯದರ ಹತ್ತಿರ. ಹಾಗಾಗಿ ಅದನ್ನೇ ಸ್ವಲ್ಪ ಜಾಸ್ತಿ ಬಿಡಿಸುತ್ತೇನೆ.

ಸ್ಟೀಲ್ ಫ್ರೇಮಿನ ಮನೆ: ತಂಗಿಯ ಮನೆಯ ಲೆಕ್ಕ

ತಂಗಿಯ ಮನೆ 1,100 ಚದರಡಿ. ಎರಡು ಕೋಣೆ, ಹಾಲ್, ಅಡುಗೆಮನೆ, ಮುಂದೆ ಅಗಲವಾದ ಜಗಲಿ. ಕಂಪನಿಯವರು ಹೇಳಿದ್ದು 60 ದಿನ. ದಸರಾ ಮುಗಿದ ಮೇಲೆ, ಅಕ್ಟೋಬರ್ ಮಧ್ಯದಲ್ಲಿ ಅಡ್ವಾನ್ಸ್ ಕೊಟ್ಟರು. ಗೃಹಪ್ರವೇಶ ಆಗಿದ್ದು ಏಪ್ರಿಲ್ ಕೊನೆಗೆ. ಆರೂವರೆ ತಿಂಗಳು.

ಎಲ್ಲಿ ಹೋಯಿತು ಈ ಸಮಯ? ಮೊದಲ ಆರು ವಾರ ಬರೀ ಡ್ರಾಯಿಂಗಿಗೆ. ಈ ಬಗೆಯ ಮನೆಯಲ್ಲಿ ಇದು ತಪ್ಪಿದ್ದಲ್ಲ. ಕಂಪ್ಯೂಟರಿನಲ್ಲಿ ಮನೆಯ ಪ್ರತಿ ಕಡ್ಡಿಯನ್ನೂ ಬಿಡಿಸುತ್ತಾರೆ. ಆ ಫೈಲ್ ನೇರವಾಗಿ ಯಂತ್ರಕ್ಕೆ ಹೋಗುತ್ತದೆ. ಯಂತ್ರ ಸತು ಲೇಪಿಸಿದ ತೆಳು ತಗಡಿನ ಸುರುಳಿಯನ್ನು ಬಾಗಿಸಿ, ಕತ್ತರಿಸಿ, ಸ್ಕ್ರೂ ಹಾಕುವ ತೂತನ್ನೂ ತಾನೇ ಕೊರೆದು ಹೊರಗೆ ಕೊಡುತ್ತದೆ. ಸ್ವಿಚ್ ಬೋರ್ಡ್ ಎಲ್ಲಿ, ಗೀಸರ್ ಎಲ್ಲಿ, ಅಟ್ಟ ಎಲ್ಲಿ, ಗೋಡೆಗೆ ಟಿವಿ ಎಲ್ಲಿ ನೇತು ಹಾಕುತ್ತೀರಿ, ಎಲ್ಲ ಆಗಲೇ ಹೇಳಿಬಿಡಬೇಕು. ಭಾರ ಹೊರುವ ಕಡೆ ಒಳಗೆ ಜಾಸ್ತಿ ಕಡ್ಡಿ ಬೇಕಾಗುತ್ತದೆ. ನಮ್ಮ ಮನೆಯಲ್ಲಿ ಕಟ್ಟೆ ಬದಲಾಯಿಸಿದಂತೆ ಇಲ್ಲಿ ನಡುವೆ ಬದಲಾಯಿಸಲು ಆಗುವುದಿಲ್ಲ. ತಂಗಿಯ ಅತ್ತೆಗೆ ದೇವರ ಕೋಣೆಯ ದಿಕ್ಕು ಸರಿ ಬರಲಿಲ್ಲ. ಅದು ಸರಿಯಾಗುವವರೆಗೆ ಸಹಿ ಆಗಲಿಲ್ಲ. ನನ್ನ ಮಟ್ಟಿಗೆ ಅತ್ತೆ ಮಾಡಿದ್ದು ಒಳ್ಳೆಯದೇ. ಫ್ರೇಮ್ ಬಂದ ಮೇಲೆ ಕೇಳಿದ್ದರೆ ಏನೂ ಮಾಡಲು ಆಗುತ್ತಿರಲಿಲ್ಲ.

ಆಮೇಲೆ ಪಾಯ. ಸ್ಟೀಲ್ ಮನೆ ಹಗುರ, ಹಾಗಾಗಿ ಪಾಯವೂ ಹಗುರ. ಆದರೂ ಇಳಿಜಾರಿನ ಜಾಗ ಮಟ್ಟ ಮಾಡಿ, ಸೈಜುಗಲ್ಲು ಕಟ್ಟಿ, ಮೇಲೆ ಕಾಂಕ್ರೀಟ್ ಹಾಸು ಹಾಕಿ, ಕ್ಯೂರಿಂಗ್ ಮಾಡುವ ಹೊತ್ತಿಗೆ ಡಿಸೆಂಬರ್ ಪೂರ್ತಿ ಹೋಯಿತು. ಆ ಹಾಸಿನಲ್ಲಿ ಫ್ರೇಮಿನ ಬೋಲ್ಟುಗಳು ಇಂಥ ಕಡೆಯೇ ಬರಬೇಕು ಅಂತ ನಕ್ಷೆ ಕೊಟ್ಟಿದ್ದರು. ಪಾಯ ನಮ್ಮ ಊರಿನ ಮೇಸ್ತ್ರಿಯದು, ಫ್ರೇಮ್ ಕಂಪನಿಯದು. ಒಂದು ಮೂಲೆಯಲ್ಲಿ ಬೋಲ್ಟು ಒಂದೂವರೆ ಇಂಚು ಸರಿದಿತ್ತು. ಇಟ್ಟಿಗೆ ಮನೆಯಲ್ಲಿ ಒಂದೂವರೆ ಇಂಚನ್ನು ಗಾರೆಯಲ್ಲೇ ನುಂಗಿಬಿಡುತ್ತಾರೆ. ಇಲ್ಲಿ ಆಗುವುದಿಲ್ಲ. ಮತ್ತೆ ಕೊರೆದು, ಬೋಲ್ಟನ್ನು ಅಂಟಿನಲ್ಲಿ ಕೂರಿಸಿ, ಅದು ಗಟ್ಟಿಯಾಗುವವರೆಗೆ ಕಾದು, ನಾಲ್ಕು ದಿನ ಹೋಯಿತು. ಯಾರ ತಪ್ಪು ಅನ್ನುವ ಮಾತಿನಲ್ಲಿ ಇನ್ನೆರಡು ದಿನ. ಹಾಗಾಗಿ ಪಾಯವನ್ನೂ ಫ್ರೇಮನ್ನೂ ಒಬ್ಬರಿಗೇ ವಹಿಸಿ. ಆಗದಿದ್ದರೆ, ಕಾಂಕ್ರೀಟ್ ಹಾಕುವ ದಿನ ಕಂಪನಿಯ ಇಂಜಿನಿಯರ್ ಸೈಟಿನಲ್ಲಿ ನಿಂತಿರಬೇಕು ಅಂತ ಬರೆಸಿಕೊಳ್ಳಿ.

ಕಾರ್ಖಾನೆಯಲ್ಲಿ ಫ್ರೇಮ್ ತಯಾರಾಗಲು ಕೆಲವೇ ದಿನ ಸಾಕು. ಆದರೆ ನಮ್ಮ ಸರದಿ ಬರಬೇಕಲ್ಲ. ಜನವರಿ ಕೊನೆಗೆ ಸಾಮಾನು ಬಂತು. ಆಮೇಲೆ ನೋಡಬೇಕಿತ್ತು ಆ ವೇಗ. ಒಂಬತ್ತು ದಿನದಲ್ಲಿ ಇಡೀ ಮನೆಯ ಅಸ್ಥಿಪಂಜರ ನಿಂತಿತು. ಕಾಫಿ ಕೊಯ್ಲಿಗೆ ಬಂದಿದ್ದವರೆಲ್ಲ ಸಂಜೆ ನಿಂತು ನೋಡಿ ಹೋಗುತ್ತಿದ್ದರು. ಹೊರಗಡೆ ಸಿಮೆಂಟ್ ಬೋರ್ಡ್, ಒಳಗಡೆ ಜಿಪ್ಸಮ್ ಬೋರ್ಡ್, ನಡುವೆ ಶಾಖ ತಡೆಯುವ ರಾಕ್‌ವೂಲ್. ಬೋರ್ಡ್ ಹೊಡೆಯುವ ಮೊದಲೇ ವೈರಿಂಗ್, ಪೈಪು. ಪ್ಲಾಸ್ಟರಿಂಗ್ ಇಲ್ಲ, ಅದು ಒಣಗುವ ಕಾಯುವಿಕೆಯೂ ಇಲ್ಲ. ಟೈಲ್ಸ್, ಬಣ್ಣ, ಬಾಗಿಲು ಎಲ್ಲ ಸೇರಿ ಮಾರ್ಚ್ ಕೊನೆಗೆ ಮುಗಿಯಿತು. ಕರೆಂಟ್ ಬರಲು ಏಪ್ರಿಲ್ ಆಯಿತು.

ಸಾಮಾನು ಬಂದ ದಿನದಿಂದ ಎಣಿಸಿ. 60 ದಿನವೇ. ಕಂಪನಿಯವರು ಹೇಳಿದ ಮಾತು ಉಳಿಸಿಕೊಂಡರು. ಎಣಿಕೆ ಎಲ್ಲಿಂದ ಅಂತ ನಾವು ಕೇಳಿರಲಿಲ್ಲ.

ಈ ಮನೆಯ ಬಗ್ಗೆ ತಂಗಿಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ನನಗೂ ಇಷ್ಟವೇ. ಸಕಲೇಶಪುರದ ಕಡೆ ಜೂನ್ ಬಂತೆಂದರೆ ಹೊರಗಿನ ಕೆಲಸ ನಿಂತಂತೆಯೇ. ಮಳೆ ನಿಂತ ಮೇಲೆ ಸಿಗುವುದು ಏಳೆಂಟು ತಿಂಗಳು. ಅಷ್ಟರಲ್ಲಿ ಚಾವಣಿ ಬೀಳದಿದ್ದರೆ ಗೋಡೆ ಒಂದು ಮಳೆಗಾಲ ನೆನೆಯುತ್ತಾ ನಿಲ್ಲಬೇಕು. ಅಂಥ ಕಡೆ ಬೇಗ ಚಾವಣಿ ಸಿಗುವುದು ಬಹಳ ದೊಡ್ಡ ಲಾಭ.

ಕಂಟೇನರ್ ಮನೆ

ಇದಕ್ಕಿಂತ ಬೇಗ ಯಾವುದೂ ಆಗುವುದಿಲ್ಲ. ಕಾರ್ಖಾನೆಯಲ್ಲಿ ಒಂದೂವರೆ ಎರಡು ತಿಂಗಳು, ಸೈಟಿನಲ್ಲಿ ಒಂದೆರಡು ದಿನ. ಕಟ್ಟೆ ಅಥವಾ ಗಿಡ್ಡ ಕಂಬಗಳು ಸಿದ್ಧವಿದ್ದರೆ ಕ್ರೇನ್ ಇಳಿಸಿ ಹೋಗುತ್ತದೆ. ಈ ಪಾಯದ ಕೆಲಸ ಕಾರ್ಖಾನೆಯ ಕೆಲಸದ ಜೊತೆಜೊತೆಗೇ ನಡೆಯಬಹುದು. ಒಟ್ಟು ಎರಡೂವರೆ ಮೂರು ತಿಂಗಳು ಅಂದುಕೊಳ್ಳಿ.

ಆದರೆ ಅಳತೆ ನೋಡಿ. 20 ಅಡಿಯ ಕಂಟೇನರ್ ಅಂದರೆ 8 ಅಡಿ ಅಗಲ, 160 ಚದರಡಿ. 40 ಅಡಿಯದಾದರೆ 320. ಇದು ಹೊರಗಿನ ಅಳತೆ. ಶಾಖ ತಡೆಯುವ ಪದರ, ಬೋರ್ಡ್ ಎಲ್ಲ ಹಾಕಿದ ಮೇಲೆ ಒಳಗೆ ಅಗಲ ಏಳಡಿಯ ಆಸುಪಾಸಿಗೆ ಬರುತ್ತದೆ. ಮಂಚ ಹಾಕಿದರೆ ಪಕ್ಕದಲ್ಲಿ ಓಡಾಡಲು ಒಂದು ಕಾಲುದಾರಿ ಉಳಿಯುತ್ತದೆ. ಎರಡು ಮೂರು ಜೋಡಿಸಿ ನಡುವಿನ ಗೋಡೆ ಕತ್ತರಿಸಬಹುದು. ಆದರೆ ಕಂಟೇನರಿನ ಗಟ್ಟಿತನ ಇರುವುದೇ ಆ ಮಡಿಕೆಯ ತಗಡಿನ ಗೋಡೆಯಲ್ಲಿ ಮತ್ತು ಮೂಲೆಯ ಕಂಬಗಳಲ್ಲಿ. ಗೋಡೆ ಕತ್ತರಿಸಿದಷ್ಟೂ ಒಳಗೆ ಬೇರೆ ಬೀಮ್ ಕೊಡಬೇಕು. ಜೋಡಣೆಯ ಸಂದಿಯಲ್ಲಿ ನೀರು ಇಳಿಯದಂತೆ ನೋಡಬೇಕು. ಅಲ್ಲಿಗೆ ಬೇಗ ಆಗುವ ಲಾಭ ಕರಗುತ್ತಾ ಹೋಗುತ್ತದೆ.

ರಾಯಚೂರು, ಕಲಬುರಗಿಯ ಬಿಸಿಲಿಗೆ ನಾನಾದರೆ ಕಂಟೇನರನ್ನು ವಾಸದ ಮನೆಗೆ ಆರಿಸುವುದಿಲ್ಲ. ಮೇಲೆ ಇನ್ನೊಂದು ಚಾವಣಿಯ ನೆರಳು ಕೊಟ್ಟರೂ ಕಷ್ಟವೇ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ತುಕ್ಕಿನ ಚಿಂತೆ ಬೇರೆ. ತೋಟದಲ್ಲಿ ವಾರಕ್ಕೆರಡು ದಿನ ಉಳಿಯಲು, ಆಫೀಸಿಗೆ, ಕಾವಲಿನವರ ಕೋಣೆಗೆ ಬಹಳ ಒಳ್ಳೆಯದು.

ಪ್ರೀಕಾಸ್ಟ್ ಒಂಟಿ ಮನೆಗೆ ಯಾಕೆ ಕೂಡಿಬರುವುದಿಲ್ಲ?

ಒಂದು ಲೆಕ್ಕ ಸಾಕು. 10 ಅಡಿ ಉದ್ದ, 10 ಅಡಿ ಎತ್ತರ, 6 ಇಂಚು ದಪ್ಪದ ಒಂದು ಕಾಂಕ್ರೀಟ್ ಗೋಡೆಯ ತೂಕ ಸುಮಾರು ಮೂರೂವರೆ ಟನ್. ಒಂದು ಕೋಣೆಗೆ ಇಂಥವು ನಾಲ್ಕು. ದೊಡ್ಡ ಕ್ರೇನ್ ಬೇಕು, ಅದು ನಿಲ್ಲಲು ಜಾಗ ಬೇಕು. 30x40 ಸೈಟಿನ ಮುಂದಿನ ರಸ್ತೆಯಲ್ಲಿ ಇದು ಕಷ್ಟ. ಮೇಲಾಗಿ ಪ್ರೀಕಾಸ್ಟಿನ ಖರ್ಚಿರುವುದು ಅಚ್ಚಿನಲ್ಲಿ. ಒಂದೇ ಅಚ್ಚಿನಲ್ಲಿ ನೂರಾರು ಗೋಡೆ ತೆಗೆದರೆ ಅಗ್ಗ. ನಿಮ್ಮ ಒಂದು ಮನೆಗೆ ಅಚ್ಚು ಮಾಡಿದರೆ ದುಬಾರಿ.

ನೂರಾರು ಮನೆಗಳಾದಾಗಲೂ ಸಮಯ ಹೇಗೆ ಹಿಗ್ಗುತ್ತದೆ ಅನ್ನುವುದಕ್ಕೆ ಹೊಸ ವಿಧಾನಗಳಲ್ಲಿ ಬೇಗ ಮನೆ ಕಟ್ಟಿ ತೋರಿಸುವ ಕೇಂದ್ರ ಸರ್ಕಾರದ ಲೈಟ್ ಹೌಸ್ ಯೋಜನೆ ಸಾಕ್ಷಿ. ಚೆನ್ನೈ, ರಾಜ್‌ಕೋಟ್, ಇಂದೋರ್, ಲಖನೌ, ರಾಂಚಿ, ಅಗರ್ತಲಾ ಹೀಗೆ ಆರು ಊರು. ಒಂದೊಂದರಲ್ಲಿ ಒಂದೊಂದು ಹೊಸ ವಿಧಾನ. 2021ರ ಜನವರಿ 1ಕ್ಕೆ ಶಂಕುಸ್ಥಾಪನೆ, ಗುರಿ 12 ತಿಂಗಳು. ಪ್ರೀಕಾಸ್ಟಿನಲ್ಲಿ ಕಟ್ಟಿದ ಚೆನ್ನೈನ 1,152 ಮನೆಗಳು ಎಲ್ಲಕ್ಕಿಂತ ಮೊದಲು ಮುಗಿದವು. ಉದ್ಘಾಟನೆ 2022ರ ಮೇ 26ಕ್ಕೆ. ಅಂದರೆ ಸುಮಾರು 17 ತಿಂಗಳು. ಸಾವಿರಕ್ಕೂ ಮಿಕ್ಕಿದ ಮನೆಗೆ ಅದು ನಿಜವಾಗಿಯೂ ಒಳ್ಳೆಯ ವೇಗ. ಆದರೂ ಹೇಳಿದ 12 ತಿಂಗಳಿಗೆ ಆಗಲಿಲ್ಲ. ಉಳಿದ ಊರುಗಳಲ್ಲಿ ಇನ್ನೂ ತಡವಾಯಿತು.

ಇಲ್ಲಿ ಹಳೆಯದೊಂದು ಕತೆ ನೆನಪಾಗುತ್ತದೆ. ನಮ್ಮ ಮೈಸೂರು ಸಂಸ್ಥಾನಕ್ಕೆ ಸೇರಿದ್ದು. ಆಟೊ ಕ್ಯೋನಿಗ್ಸ್‌ಬರ್ಗರ್ ಅಂತ ಜರ್ಮನಿಯಿಂದ ಬಂದ ವಾಸ್ತುಶಿಲ್ಪಿ 1939ರಿಂದ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲೂ (ಭಾರತೀಯ ವಿಜ್ಞಾನ ಸಂಸ್ಥೆ) ಅವರ ಕಟ್ಟಡಗಳಿವೆ. ಸ್ವಾತಂತ್ರ್ಯ ಬಂದ ಮೇಲೆ ಅವರು ದೆಹಲಿಗೆ ಹೋಗಿ, ವಿಭಜನೆಯಲ್ಲಿ ಮನೆ ಕಳೆದುಕೊಂಡವರಿಗೆ ಬೇಗ ಮನೆ ಕೊಡಬೇಕೆಂದು ಕಾರ್ಖಾನೆಯಲ್ಲಿ ಗೋಡೆ ತಯಾರಿಸುವ ಕೆಲಸಕ್ಕೆ ಕೈಹಾಕಿದರು. ಸರ್ಕಾರದ ಕಾರ್ಖಾನೆಯೇ ಶುರುವಾಯಿತು. ಆದರೆ ಹಗುರ ಕಾಂಕ್ರೀಟಿನ ಆ ಹಲಗೆಗಳು ಸಾಗಿಸುವಾಗಲೇ ಬಿರುಕು ಬಿಡತೊಡಗಿದವು. ಯೋಜನೆ ಕೈಗೂಡಲಿಲ್ಲ. 1951ರಲ್ಲಿ ಅವರು ದೇಶ ಬಿಟ್ಟು ಲಂಡನ್ನಿಗೆ ಹೋದರು. ಅಂದು ಕಾರ್ಖಾನೆ ಮತ್ತು ಸೈಟಿನ ನಡುವಿನ ದಾರಿ ಕೊಟ್ಟ ತೊಂದರೆಯನ್ನು ಇವತ್ತೂ ಅದೇ ದಾರಿ ಕೊಡುತ್ತಿದೆ.

ಲಾರಿ ಬರುತ್ತಾ?

ತಂಗಿಯ ಮನೆಗೆ ಸಾಮಾನು ಹೊತ್ತು ಬಂದ ಉದ್ದನೆಯ ಲಾರಿ ಮೂರು ಕಿಲೋಮೀಟರ್ ಹಿಂದೆಯೇ ಒಂದು ತಿರುವಿನಲ್ಲಿ ನಿಂತುಬಿಟ್ಟಿತು. ಅಲ್ಲೇ ರಸ್ತೆ ಬದಿ ಇಳಿಸಿ, ಟ್ರ್ಯಾಕ್ಟರ್ ಮತ್ತು ಪಿಕಪ್‌ನಲ್ಲಿ ಎರಡು ದಿನ ಸಾಗಿಸಿದರು. ಸ್ಟೀಲ್ ಫ್ರೇಮ್ ಆದ್ದರಿಂದ ಇದು ಸಾಧ್ಯವಾಯಿತು. ಒಂದು ಪ್ಯಾನೆಲ್ಲನ್ನು ಮೂರು ನಾಲ್ಕು ಜನ ಎತ್ತಬಹುದು. 40 ಅಡಿ ಕಂಟೇನರ್ ಆಗಿದ್ದರೆ? ಖಾಲಿ ಪೆಟ್ಟಿಗೆಯೇ ನಾಲ್ಕು ಟನ್ ಹತ್ತಿರ ತೂಗುತ್ತದೆ. ಅದು ತಿರುವಿನಿಂದಲೇ ವಾಪಸು ಹೋಗಬೇಕಿತ್ತು.

ನಮ್ಮ ರಸ್ತೆಯಲ್ಲಿ ಮಾಮೂಲಿ ಲಾರಿಯ ಅಗಲದ ಮಿತಿ 2.6 ಮೀಟರ್. ಎಂಟು ಎಂಟೂವರೆ ಅಡಿ. ಅದಕ್ಕಿಂತ ಅಗಲದ ಪೆಟ್ಟಿಗೆ ಸಾಗಿಸಲು ಬೇರೆ ಅನುಮತಿ ಬೇಕು. ಪೆಟ್ಟಿಗೆ ಮನೆಗಳೆಲ್ಲ ಎಂಟಡಿಗೆ ಬಂದು ನಿಲ್ಲುವುದಕ್ಕೆ ಇದೂ ಒಂದು ಕಾರಣ. ಅಡ್ವಾನ್ಸ್ ಕೊಡುವ ಮೊದಲು ಕಂಪನಿಯವರನ್ನು ನಿಮ್ಮ ಸೈಟಿನವರೆಗೆ ಕರೆದುಕೊಂಡು ಹೋಗಿ. ದಾರಿಯ ಪ್ರತಿ ತಿರುವು, ಮೋರಿ, ತಗ್ಗಿನಲ್ಲಿ ಹಾದುಹೋಗುವ ಕರೆಂಟ್ ತಂತಿ, ಅಡ್ಡ ಬಾಗಿದ ಮರ ಎಲ್ಲ ತೋರಿಸಿ. ಊರಿನ ಒಳಗಾದರೆ ಕ್ರೇನಿನ ಮೇಲೆ ಹಾದುಹೋಗುವ ಲೈನನ್ನು ಒಂದು ದಿನ ಆಫ್ ಮಾಡಿಸಬೇಕಾಗಬಹುದು.

ಯಾವ ಕಾರ್ಖಾನೆಯೂ ಕಡಿಮೆ ಮಾಡದ ದಿನಗಳು

ಖಾತೆ ಸರಿ ಮಾಡಿಸುವುದು, ಪ್ಲ್ಯಾನ್ ಮಂಜೂರಾತಿ, ಬೋರ್‌ವೆಲ್, ಸಂಪು, ಪಿಟ್ಟು, ಕಾಂಪೌಂಡ್, ಕರೆಂಟ್ ಮೀಟರ್. ಮನೆ ಸ್ಟೀಲಿನದಾಗಲಿ ಕಲ್ಲಿನದಾಗಲಿ ಇವಕ್ಕೆ ಅಷ್ಟೇ ದಿನ. ಬೆಂಗಳೂರಿನಲ್ಲಿ 50x80 ಅಡಿವರೆಗಿನ ಸೈಟುಗಳಿಗೆ ನಂಬಿಕೆ ನಕ್ಷೆ ಯೋಜನೆ ಬಂದ ಮೇಲೆ ಮಂಜೂರಾತಿ ಸ್ವಲ್ಪ ಸುಲಭವಾಗಿದೆ. ಆದರೆ ಕಾಗದಗಳು ಸರಿಯಿದ್ದರೆ ಮಾತ್ರ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ವಾಸಯೋಗ್ಯ ಪ್ರಮಾಣಪತ್ರ ಇಲ್ಲದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದಿತು. ಆಮೇಲೆ ಸಣ್ಣ ಸೈಟುಗಳಿಗೆ ರಾಜ್ಯದಲ್ಲಿ ರಿಯಾಯಿತಿಯ ಮಾತೂ ಬಂತು. ನಿಮ್ಮ ಊರಿನಲ್ಲಿ ಈಗ ಏನು ನಡೆಯುತ್ತಿದೆ ಅಂತ ವಿದ್ಯುತ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಮನೆ ಮುಗಿದು ಮೂರು ತಿಂಗಳು ಕತ್ತಲಲ್ಲಿ ನಿಂತಿದ್ದನ್ನು ನಾನೇ ನೋಡಿದ್ದೇನೆ.

"ಇದು ಎತ್ತಿ ಇಡುವ ಮನೆ, ಪರ್ಮಿಷನ್ ಬೇಡ" ಅಂತ ಕೆಲವರು ಹೇಳುತ್ತಾರೆ. ನಂಬಬೇಡಿ. ಅಡುಗೆಮನೆ, ಶೌಚಾಲಯ ಇಟ್ಟುಕೊಂಡು ಜನ ವಾಸ ಮಾಡಿದರೆ ಅದು ಮನೆಯೇ. ಕೃಷಿ ಭೂಮಿಯಲ್ಲಿ ಇಡುವುದಾದರೆ ಭೂ ಪರಿವರ್ತನೆಯ ಪ್ರಶ್ನೆ ಬರುತ್ತದೆ. ತೋಟದ ಮನೆಗೆ ರೈತರಿಗೆ ಇರುವ ರಿಯಾಯಿತಿ ನಿಮಗೆ ಎಷ್ಟರ ಮಟ್ಟಿಗೆ ಸಿಗುತ್ತದೆ ಅಂತ ತಾಲೂಕು ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಇನ್ನು ಮಣ್ಣು. ಧಾರವಾಡ, ಗದಗ, ವಿಜಯಪುರದ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅಲ್ಲಿ ಪಾಯಕ್ಕೆ ಆಳ ಬೇಕು, ಕೆಲವು ಕಡೆ ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ) ಬೇಕು. ಮನೆ ಹಗುರ, ಸಣ್ಣ ಪಾಯ ಸಾಕು ಅನ್ನುವ ಮಾತು ಎರೆ ಮಣ್ಣಿನಲ್ಲಿ ಅಪಾಯದ್ದು. ಹಗುರ ಮನೆಯನ್ನೇ ಆ ಮಣ್ಣು ಸುಲಭವಾಗಿ ಎತ್ತುವುದು. ಈ ಕಡೆಯವರು ಪಾಯಕ್ಕೆ ಒಂದು ತಿಂಗಳು ಜಾಸ್ತಿಯೇ ಇಟ್ಟುಕೊಳ್ಳಿ.

ದುಡ್ಡು ಬರುವ ಸಮಯ

ಗೃಹಸಾಲ ಕೊಡುವ ಬ್ಯಾಂಕು ಕೆಲಸ ನೋಡಿ ಕಂತು ಬಿಡುತ್ತದೆ. ಪಾಯ ಆದ ಮೇಲೆ ಇಷ್ಟು, ಮೋಲ್ಡ್ ಆದ ಮೇಲೆ ಇಷ್ಟು. ರೆಡಿಮೇಡ್ ಮನೆಯಲ್ಲಿ ಇದು ತಿರುವುಮುರುವು. ಸಾಮಾನು ಕಾರ್ಖಾನೆಯಿಂದ ಹೊರಡುವ ಮೊದಲೇ ಹೆಚ್ಚಿನ ಹಣ ಕೇಳುತ್ತಾರೆ. ಆಗ ಸೈಟಿನಲ್ಲಿ ಬರೀ ಪಾಯ ಇರುತ್ತದೆ. ಬ್ಯಾಂಕಿನವರು ಬಂದು ನೋಡಿ ವಾಪಸು ಹೋಗುತ್ತಾರೆ. ತಂಗಿಯ ಗಂಡ ಆ ನಡುವಿನ ಹಣಕ್ಕೆ ಚಿನ್ನ ಅಡವಿಟ್ಟರು. ಸಾಲ ಮಾಡುವವರು ಕಂಪನಿಯ ಕಂತಿನ ಪಟ್ಟಿಯನ್ನು ಹಿಡಿದು ಮೊದಲೇ ಬ್ಯಾಂಕ್ ಮ್ಯಾನೇಜರ್ ಎದುರು ಕೂರಬೇಕು. ಎಲ್ಲ ಬ್ಯಾಂಕೂ ಈ ಬಗೆಯ ಮನೆಗೆ ಸುಲಭವಾಗಿ ಒಪ್ಪುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಬಾಡಿಗೆ ಮನೆಯಲ್ಲಿದ್ದು ಕಟ್ಟಿಸುವವರಿಗೆ ತಿಂಗಳಿಗೆ 18,000 ಬಾಡಿಗೆ ಅಂದರೆ ಐದು ತಿಂಗಳು ಬೇಗ ಮುಗಿದರೆ 90,000 ಉಳಿತಾಯ. ಸ್ಟೀಲ್ ಮನೆಗೆ ಚದರಡಿಗೆ ಸ್ವಲ್ಪ ಜಾಸ್ತಿ ಕೇಳಿದಾಗ ಈ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿ.

ಹಾಗಾದರೆ ಯಾರಿಗೆ ಯಾವುದು?

ಊರಿನೊಳಗೆ 30x40 ಸೈಟು, ಮುಂದೆ ಮೇಲೊಂದು ಮಹಡಿ ಎಬ್ಬಿಸುವ ಆಸೆ, ಒಳ್ಳೆಯ ಮೇಸ್ತ್ರಿಯ ಪರಿಚಯ. ಈ ಮೂರೂ ಇದ್ದರೆ ಮಾಮೂಲಿ ಮನೆಯನ್ನೇ ಕಟ್ಟಿಸಿ. ಮುಂದೆ ಸೋರಿದರೂ, ಒಡೆದು ಬಾಗಿಲು ಇಡಬೇಕಾದರೂ ಆ ಕೆಲಸ ಗೊತ್ತಿರುವವರು ಪ್ರತಿ ಬೀದಿಯಲ್ಲಿ ಸಿಗುತ್ತಾರೆ. ಆದರೆ ಗುದ್ದಲಿ ಪೂಜೆಗೆ ಮೊದಲು ಎಲ್ಲ ಡ್ರಾಯಿಂಗ್ ಮುಗಿಸಿ. ಸ್ಟೀಲ್ ಮನೆಯವರು ಬಲವಂತವಾಗಿ ಮಾಡಿಸುವ ಆ ಆರು ವಾರದ ಕೆಲಸವನ್ನು ನೀವೇ ಇಷ್ಟಪಟ್ಟು ಮಾಡಿದರೆ, ಸೈಟಿನಲ್ಲಿ ಎರಡು ಮೂರು ತಿಂಗಳು ಉಳಿಯುತ್ತದೆ. ನಮ್ಮ ಮನೆಗೆ ನಾನು ಮಾಡದ ಕೆಲಸ ಅದು. ಈಗಲೂ ನೆನೆದರೆ ಬೇಜಾರಾಗುತ್ತದೆ.

ಮಲೆನಾಡಿನಲ್ಲಿ, ತೋಟದಲ್ಲಿ, ಕೆಲಸಗಾರರು ಸಿಗದ ಕಡೆ, ಮಳೆಯ ನಡುವೆ ಸಿಗುವ ಸಣ್ಣ ಬಿಡುವಿನಲ್ಲಿ ಮನೆ ಆಗಬೇಕೆಂದರೆ ಸ್ಟೀಲ್ ಫ್ರೇಮ್. ಅಡ್ವಾನ್ಸಿನಿಂದ ಐದರಿಂದ ಏಳು ತಿಂಗಳು ಅಂದುಕೊಳ್ಳಿ. ಆಗುಂಬೆಯಂಥ ಕಡೆ, ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವಲ್ಲಿ, ಚಾವಣಿಯನ್ನು ಗೋಡೆಯಿಂದ ಮೂರಡಿಯಾದರೂ ಹೊರಗೆ ಚಾಚಿಸಿ. ಬೋರ್ಡಿನ ಬುಡ ನೆಲದಿಂದ ಮೇಲಿರಲಿ.

ಸ್ಟೀಲ್ ಫ್ರೇಮಿಗೆ ನಾನು ತುಂಬ ಒಪ್ಪುವ ಇನ್ನೊಂದು ಜಾಗವಿದೆ. ಹಳೆಯ ಮನೆಯ ಮೇಲಿನ ಮಹಡಿ. ಪಾಯ ಆಗಲೇ ಇದೆ. ಕೆಳಗಡೆ ನೀವು ವಾಸವಿದ್ದೀರಿ. ಮೇಲೆ ಎಂಟು ಹತ್ತು ವಾರದಲ್ಲಿ ಎರಡು ಕೋಣೆ ಏಳುತ್ತದೆ. ಇಟ್ಟಿಗೆ, ಮರಳು, ನೀರು ಮೇಲೆ ಹೊರುವ ಗಲಾಟೆ ಇಲ್ಲ. ಹಳೆಯ ಗೋಡೆಯ ಮೇಲೆ ಬೀಳುವ ಭಾರವೂ ಕಡಿಮೆ. ಆದರೂ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡದೆ ಶುರು ಮಾಡಬೇಡಿ. ಗಾಳಿಗೆ ಎದ್ದು ಹೋಗದಂತೆ ಕೆಳಗಿನ ಕಾಂಕ್ರೀಟಿಗೆ ಹೇಗೆ ಬಿಗಿಯುತ್ತೀರಿ ಅಂತ ಅವರನ್ನೇ ಕೇಳಿ.

ಹಿಂದಿನಿಂದ ಎಣಿಸಿ

ನಮ್ಮಲ್ಲಿ ಎಲ್ಲರಿಗೂ ಆಷಾಢಕ್ಕೆ ಮೊದಲು ಗೃಹಪ್ರವೇಶ ಆಗಬೇಕು. ಮೇ ತಿಂಗಳು ಅಂತ ಇಟ್ಟುಕೊಳ್ಳೋಣ. ಅಲ್ಲಿಂದ ಹಿಂದಕ್ಕೆ ಬನ್ನಿ.

ಸ್ಟೀಲ್ ಫ್ರೇಮಾದರೆ ಫೆಬ್ರುವರಿ ಮೊದಲ ವಾರ ಸಾಮಾನು ಸೈಟಿಗೆ ಬರಬೇಕು. ಜನವರಿ ಮಧ್ಯಕ್ಕೆ ಪಾಯ ಮುಗಿದು ಬೋಲ್ಟುಗಳ ಅಳತೆ ಸರಿಯಿದೆ ಅಂತ ಎರಡೂ ಕಡೆಯವರು ಸಹಿ ಹಾಕಿರಬೇಕು. ನವೆಂಬರ್ ಕೊನೆಗೆ ಡ್ರಾಯಿಂಗ್ ಅಂತಿಮ. ಅಕ್ಟೋಬರಿಗೆ ಅಡ್ವಾನ್ಸ್. ಕಾಗದಪತ್ರ, ಮಂಜೂರಾತಿಗೆ ಓಡಾಟ ಆಗಸ್ಟಿನಲ್ಲೇ. ಮಳೆಗಾಲದಲ್ಲಿ ಹೇಗೂ ಬೇರೆ ಕೆಲಸ ಆಗುವುದಿಲ್ಲ, ಅಲ್ವಾ?

ಕಂಟೇನರಾದರೆ ಜನವರಿಯಲ್ಲಿ ಆರ್ಡರ್ ಕೊಟ್ಟರೂ ನಡೆಯುತ್ತದೆ. ಮಾಮೂಲಿ ಎರಡು ಮಹಡಿಯ ಮನೆಯಾದರೆ ಹಿಂದಿನ ವರ್ಷದ ಜುಲೈ, ಆಗಸ್ಟಿಗೆ ಪಾಯ ತೋಡಿರಬೇಕು. ಅಂದರೆ ಗುದ್ದಲಿ ಪೂಜೆಯನ್ನು ಹಿಂದಿನ ಆಷಾಢ ಶುರುವಾಗುವ ಮೊದಲೇ ಮಾಡಿ ಮುಗಿಸಿ. ಪೂಜೆ ಆಗಿಬಿಟ್ಟರೆ ಆಷಾಢದಲ್ಲಿ ಪಾಯ ತೋಡಲು ಮೇಸ್ತ್ರಿಗಳು ಬೇಡ ಅನ್ನುವುದಿಲ್ಲ. ಹೊಸ ಕೆಲಸಗಳು ಕಡಿಮೆ ಇರುವುದರಿಂದ ಆ ತಿಂಗಳಲ್ಲಿ ಅವರು ಸುಲಭವಾಗಿ ಸಿಗುವುದೂ ಉಂಟು.